ಜಗಲಿಯ ಮೇಲಿನ ಸಂಗೀನು

ನಾಲ್ಕು ಜನ ಹೆಂಗಸರು ಕೂಡಿದಲ್ಲಿ ಗಂಡಂದಿರ ಹುಚ್ಚುಗಳ ಮಾತು ಬಂದೇ ಬರುತ್ತದೆ. ಒಬ್ಬಾಕೆಯ ಗಂಡನಿಗೆ ಅಂಚೆಚೀಟಿಯ ಹುಚ್ಚು, ಇನ್ನೊಬ್ಬಾಕೆಯ ಗಂಡನಿಗೆ ಹಳೆಯ ನಾಣ್ಯದ್ದು. ನನ್ನ ಸರದಿ ಬಂದಾಗ ಚಹಾದ ಕಪ್ಪುಗಳನ್ನು ಎತ್ತಿಕೊಂಡು ಮೆಲ್ಲಗೆ ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ನಮ್ಮವರು ಕೂಡಿಸುವುದು ಸಂಗೀನುಗಳನ್ನು ಎಂದು ಯಾವ ಬಾಯಿಂದ ಹೇಳಲಿ? ಸಂಗೀನು ಎಂದರೆ ಬಯೋನೆಟ್ಟು, ಸಿಪಾಯಿಯ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಸೀರೆ ಇಡಬೇಕಾದ ಟ್ರಂಕಿನಲ್ಲಿ ಅಂಥವು ಐದಿವೆ ಎಂದರೆ ಯಾರು ತಾನೇ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ ಬಂದಾರು!

ಈ ಹುಚ್ಚು ಹತ್ತಿದ್ದು 1991ರಲ್ಲಿ. ಆಗ ನಮ್ಮವರು ಅಥಣಿಯಲ್ಲಿ ಹೈಸ್ಕೂಲ್ ಮಾಸ್ತರರು, ಇತಿಹಾಸ ಕಲಿಸುವವರು. ಮಿರಜಿಗೆ ಹಲ್ಲಿನ ಔಷಧಕ್ಕೆಂದು ಹೋದವರು ಹಲ್ಲನ್ನು ಹಾಗೆಯೇ ಬಿಟ್ಟು, ಗುಜರಿ ಅಂಗಡಿಯಿಂದ ಪೇಪರಿನಲ್ಲಿ ಸುತ್ತಿದ ಉದ್ದನೆಯದೊಂದನ್ನು ತಂದರು. ನಾನು ಗಾಬರಿಯಾದೆ. ಅವರು ಮಾತ್ರ ಹೊಸ ಸೊಸೆಯ ಮುಖ ನೋಡುವಂತೆ ದೀಪದ ಬುಡದಲ್ಲಿ ಅದನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಅಲಗು ಹದಿನೇಳು ಇಂಚು, ಹಿಡಿಗೆ ಕಟ್ಟಿಗೆಯ ಎರಡು ಹೋಳು. ಅಲಗಿನ ಬುಡದಲ್ಲಿ ಒಂದು ಕಿರೀಟ, ಅದರ ಕೆಳಗೆ 1907 ಎಂಬ ಅಂಕಿ.

"ಹಂಗಾದ್ರ ಇದು 1907ರಾಗ ಮಾಡಿದ್ದೇನ್ರಿ?" ಎಂದೆ.

ನಾನು ಕೇಳಿದ್ದೇ ತಪ್ಪಾಯಿತು. ಅವತ್ತು ಊಟ ಆರಿ ಹೋಗುವವರೆಗೆ ಪಾಠ ನಡೆಯಿತು. 1907 ಎಂಬುದು ಆ ಮಾದರಿಯ ಹೆಸರಂತೆ. ತಯಾರಾದ ತಿಂಗಳು, ವರ್ಷ ಬೇರೆ ಸಣ್ಣ ಅಂಕಿಗಳಲ್ಲಿ ಇರುತ್ತವೆ, ಅದರ ಜೊತೆಗೆ ತಯಾರಿಸಿದವರ ಹೆಸರು. ಇದರ ಮೇಲಿದ್ದದ್ದು ವಿಲ್ಕಿನ್ಸನ್. ಗಂಡಸರು ಗಡ್ಡ ಹೆರೆದುಕೊಳ್ಳುವ ಬ್ಲೇಡಿನ ಮೇಲೆ ಕಾಣುತ್ತದಲ್ಲ, ಅದೇ ಹೆಸರು! ಇನ್ನೊಂದು ಮಗ್ಗುಲಲ್ಲಿ ಬಾಣದ ಗುರುತಿದ್ದರೆ ಅದು ಸರಕಾರದ ಸ್ವತ್ತು. ಗುಣಾಕಾರದ ಗುರುತಿದ್ದರೆ ಅಲಗನ್ನು ಬಾಗಿಸಿ ಪರೀಕ್ಷೆ ಮಾಡಿದ್ದಾರೆಂದು ಅರ್ಥ. ಅಲಗಿನ ಉದ್ದಕ್ಕೂ ಇರುವ ತಗ್ಗಿನ ಗೆರೆ ನೆತ್ತರು ಹರಿದು ಹೋಗಲಿಕ್ಕೆ ಎಂದು ಜನ ಹೇಳುತ್ತಾರೆ. ಅದು ಸುಳ್ಳು, ಬಲ ಕಡಿಮೆಯಾಗದಂತೆ ಭಾರ ಇಳಿಸುವುದಕ್ಕೆ ಮಾಡಿದ್ದು. ಇಂಗ್ಲಿಷರು ಈ ನಮೂನೆಯನ್ನು ಜಪಾನೀ ಸೈನ್ಯದ ಸಂಗೀನು ನೋಡಿ ತೆಗೆದುಕೊಂಡರು. ಬಯೋನೆಟ್ ಎಂಬ ಹೆಸರು ಫ್ರಾನ್ಸಿನ ಬಯಾನ್ ಎಂಬ ಊರಿನಿಂದ ಬಂತೆಂದು ಹೇಳುತ್ತಾರೆ. ಮೊದಮೊದಲು ಚೂರಿಯ ಹಿಡಿಯನ್ನು ಬಂದೂಕಿನ ಬಾಯಿಗೇ ತುರುಕುತ್ತಿದ್ದರಂತೆ. ಆಮೇಲೆ ಗುಂಡು ಹಾರಿಸಲಿಕ್ಕೆ ಬರುತ್ತಿರಲಿಲ್ಲ!

"ಅಷ್ಟೂ ತಿಳೀಲಾರದ ಮಂದಿ ಯುದ್ಧಕ್ಕ ಯಾಕ ಹೋಗಬೇಕ್ರಿ?" ಎಂದು ನಾನು ತಾಟು ಎತ್ತಿದೆ.

ಅವರು ಒಂದು ಉದ್ದನೆಯ ಖಾತೆ ಪುಸ್ತಕ ತಂದು ಮನೆಗಳನ್ನು ಗೆರೆ ಎಳೆದರು. ಮಾದರಿ, ತಯಾರಾದ ಸ್ಥಳ, ವರ್ಷ, ಗುರುತು, ಯಾರ ಕಡೆಯಿಂದ ಬಂತು ಎಂದು ಐದು ಮನೆ. ನಾನು ಹಾಲಿನ ಲೆಕ್ಕ ಬರೆಯುವುದಕ್ಕಿಂತ ಹೆಚ್ಚು ನಿಷ್ಠೆಯಿಂದ ಅದನ್ನು ತುಂಬುತ್ತಿದ್ದರು. ಒಂಬತ್ತು ಇಂಚಿಗಿಂತ ಉದ್ದವಾದ ಆಯುಧಗಳ ಯಾದಿಯಲ್ಲಿ ಸಂಗೀನಿನ ಹೆಸರೂ ಕಾನೂನಿನಲ್ಲಿದೆ ಎಂದು ಯಾರೋ ಹೇಳಿದಾಗ ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅವರು ಠಾಣೆಗೆ ಹೋಗಿ ವಿಚಾರಿಸಿ, ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟು ಬಂದ ಮೇಲೆಯೇ ನನಗೆ ಸಮಾಧಾನ.

ನಮ್ಮವರ ಊರು ಅಥಣಿ ತಾಲೂಕಿನ ಐಗಳಿ. ಈಗ ಅಲ್ಲಿ ದ್ರಾಕ್ಷಿಯ ಪಡಗಳು, ಮಣೂಕ ಒಣಗಿಸುವ ಶೆಡ್ಡುಗಳು ಕಾಣುತ್ತವೆ. ನಾನು ಸೊಸೆಯಾಗಿ ಹೋದಾಗ ಬಿಳಿಜೋಳ, ಕಡಲೆ, ಮಳೆಯ ದಾರಿ ಕಾಯುವ ಜನ ಇಷ್ಟೇ ಇದ್ದದ್ದು. ನಮ್ಮದು ಮರಾಠರ ಮನೆತನವಾದರೂ ಮನೆಯಲ್ಲಿ ಆಡುವುದು ಕನ್ನಡ. ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ ದಾಟಿದರೆ ದೇವರ ಕೋಣೆ, ಅಲ್ಲಿಯ ಜಗಲಿಯ ಮೇಲೆ ದೇವರುಗಳ ಬಗಲಿಗೆ ಖಣದ ಬಟ್ಟೆಯಲ್ಲಿ ಸುತ್ತಿದ ಒಂದು ಸಂಗೀನು. ನಮ್ಮವರ ಹುಚ್ಚಿನ ಬೀಜ ಇದ್ದದ್ದೇ ಅಲ್ಲಿ.

ಅದರ ಕತೆಯನ್ನು ಆ ಮನೆಯ ಮಕ್ಕಳೆಲ್ಲ ತೊಟ್ಟಿಲಲ್ಲಿಯೇ ಕೇಳಿದ್ದರು. ನಮ್ಮವರ ಅಜ್ಜ ಮರಾಠಾ ಪಲ್ಟನ್ನಿನಲ್ಲಿದ್ದು 1917ರಲ್ಲಿ ಬಸರಾಕ್ಕೆ ಹೋದವರು. ಅದಕ್ಕೆ ಹಿಂದಿನ ವರ್ಷವಷ್ಟೇ, 1916ರ ಏಪ್ರಿಲ್ 29ರಂದು, ಕುತ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕ ಫೌಜು ಅನ್ನವಿಲ್ಲದೆ ಶರಣಾಗಿತ್ತು. ಅದರಲ್ಲಿ ಮರಾಠಾ ಪಲ್ಟನ್ನುಗಳೂ ಇದ್ದವು. ಅಂಥ ನಾಡಿನಿಂದ ಅಜ್ಜ ಜೀವಂತ ತಿರುಗಿ ಬಂದರು, ಬರುವಾಗ ತಾವು ಹಿಡಿದ ಸಂಗೀನನ್ನು ತಂದರು ಎಂಬುದು ಕತೆ. ಪ್ರತಿ ವರ್ಷ ಖಂಡೇ ಪೂಜೆಯ ದಿನ ಕುಡಗೋಲು, ಕೊಡಲಿ, ಕುರ್ಚಿಗಿಗಳ ನಡುವೆ ಅದಕ್ಕೇ ಮೊದಲ ಕುಂಕುಮ. ನಮ್ಮ ಮೈದುನನಂತೂ ಬೀಗರು ಬಂದರೆ ಸಾಕು, ಬಟ್ಟೆ ಬಿಚ್ಚಿ ತೋರಿಸಿ ಎದೆ ಉಬ್ಬಿಸುತ್ತಿದ್ದ.

ನಮ್ಮವರಿಗೆ ಒಂದು ಗುಮಾನಿ ಮೊದಲಿನಿಂದಲೂ ಇತ್ತು. ಸಂಗೀನು ಸಿಪಾಯಿಯ ಸ್ವಂತದ್ದಲ್ಲ, ನೌಕರಿ ಬಿಡುವಾಗ ಬಂದೂಕಿನ ಜೊತೆಗೆ ಸರಕಾರಕ್ಕೆ ಒಪ್ಪಿಸಲೇಬೇಕು. ಆದರೆ ಜಗಲಿಯ ಮೇಲಿನದನ್ನು ಮುಟ್ಟಲಿಕ್ಕೆ ನಮ್ಮ ಅತ್ತೆ ಬಿಡುತ್ತಿರಲಿಲ್ಲ. ಐವತ್ತು ವರ್ಷದ ಎಣ್ಣೆ, ಭಂಡಾರ, ಕುಂಕುಮ ಕೂಡಿ ಅಲಗಿನ ಬುಡ ಗಟ್ಟಿಯಾಗಿ ಹೋಗಿತ್ತು.

2004ರ ಮಹಾನವಮಿಗೆ ನಾವೆಲ್ಲ ಐಗಳಿಯಲ್ಲಿ ಕೂಡಿದ್ದೆವು. ಆ ವರ್ಷ ನನ್ನ ಮನಸ್ಸು ಸರಿ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿರಿಯ ಮಗ ಬೆಳಗಾವಿಗೆ ಸೈನ್ಯದ ಭರತಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದಲೂ ಬೆಳಗಾವಿಯಲ್ಲಿದೆ. ನಮ್ಮ ಕಡೆಯ ಹುಡುಗರಿಗೆ ಅದು ತವರುಮನೆ ಇದ್ದಂತೆ. ಕಾರ್ಗಿಲ್ ಯುದ್ಧದ ಪೆಟ್ಟಿಗೆಗಳನ್ನು ಟಿವಿಯಲ್ಲಿ ನೋಡಿದ್ದ ನಾನು ಬೇಡವೆಂದು ಕೂತಿದ್ದೆ. ಮೈದುನ ಮಾತ್ರ, "ವೈನಿ, ಬಸರಾ ಗೆದ್ದು ಬಂದ ಅಜ್ಜನ ರಕ್ತ ಐತಿ ಅವನ ಮೈಯಾಗ, ಹೋಗ್ಲಿ ಬಿಡ್ರಿ" ಎಂದು ಜಗಲಿಯ ಕಡೆಗೆ ಕೈ ತೋರಿಸುತ್ತಿದ್ದ.

ಪೂಜೆಯ ಹಿಂದಿನ ದಿನ ಆಯುಧಗಳನ್ನು ತೊಳೆಯುವಾಗ ಅತ್ತೆ ಹಿತ್ತಲಲ್ಲಿದ್ದರು. ನಮ್ಮವರು ಅದೇ ಸಮಯ ನೋಡಿ ಸಂಗೀನನ್ನು ಸೀಮೆಎಣ್ಣೆಯಲ್ಲಿ ನೆನೆಸಿದರು. ಕುಂಕುಮದ ಹಕ್ಕಳಿಕೆ ಎದ್ದು ಬಂದಂತೆ ಕೆಳಗಿನ ಅಕ್ಷರಗಳು ಕಂಡವು. ಅವರ ಮುಖ ಬಿಳಿಚಿತು.

ಅಲಗು ಹದಿನೇಳು ಇಂಚಿನದಲ್ಲ, ಹನ್ನೆರಡು ಇಂಚಿನದು. ಅದರಲ್ಲಿ ತಗ್ಗಿನ ಗೆರೆಯೂ ಇಲ್ಲ. ಬುಡದಲ್ಲಿ ಆರ್. ಎಫ್. ಐ. ಎಂಬ ಮೂರು ಅಕ್ಷರ, ಎಂದರೆ ಕಲಕತ್ತೆಯ ಹತ್ತಿರದ ಇಶಾಪುರದ ರೈಫಲ್ ಕಾರ್ಖಾನೆ. ಅದರ ಜೊತೆಗೆ ವರ್ಷ 43. ಎರಡನೆಯ ಮಹಾಯುದ್ಧದ ಕಾಲಕ್ಕೆ ಉದ್ದನೆಯ ಅಲಗು ತೊಡಕೆಂದು ಹಿಂದುಸ್ತಾನದಲ್ಲಿ ಈ ಗಿಡ್ಡ ನಮೂನೆ ಮಾಡಿದರು. 1917ರಲ್ಲಿ ಇದು ಹುಟ್ಟಿರಲೇ ಇಲ್ಲ. ಇನ್ನು ಅಜ್ಜ ತೀರಿಕೊಂಡದ್ದು 1940ರಲ್ಲಿ. ಅವರು ಸತ್ತು ಮೂರು ವರ್ಷಕ್ಕೆ ತಯಾರಾದ ಸಂಗೀನನ್ನು ಅವರು ಬಸರಾದಿಂದ ತಂದದ್ದಾದರೂ ಹೇಗೆ?

ಮೈದುನ ಸಿಟ್ಟಿಗೆದ್ದ. "ಇಂಗ್ಲಿಷ್ ಅಕ್ಷರ ನೋಡಿ ಮನೆತನದ ಮರ್ಯಾದಿ ತಗೀಬ್ಯಾಡ ಅಣ್ಣಾ" ಎಂದ. ನಮ್ಮವರೂ ಬಿಡಲಿಲ್ಲ. ಇಬ್ಬರ ದನಿಯೂ ಏರಿತು. ಆಗ ಅತ್ತೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ತೊಳೆದ ಸಂಗೀನನ್ನು ನೋಡಿದರು. ಬೈಯುತ್ತಾರೆಂದು ನಾವು ಕಾದೆವು. ಅವರು ಕಂಬಕ್ಕೆ ಒರಗಿ ಕೂತರು.

"ಜಗಳಾಡಬ್ಯಾಡ್ರಿ. ಅದು ಮಾವನವರದಲ್ಲ. ಅತ್ತಿ ಅಥಣಿ ಸಂತ್ಯಾಗ ಕೊಂಡಿದ್ದು. ನಾನೂ ಬಗಲಾಗ ನಿಂತಿದ್ನಿ."

ಅತ್ತೆ ಮದುವೆಯಾಗಿ ಬಂದದ್ದು 1951ರಲ್ಲಿ. ಮರುವರ್ಷ ದಸರೆಗೆ ಮುಂಚೆ ಅವರ ಅತ್ತೆ, ನಾವೆಲ್ಲ ಆಯಿ ಎನ್ನುವವರು, ಹೊಸ ಸೊಸೆಗೆ ಸೀರೆ ಕೊಡಿಸಲಿಕ್ಕೆಂದು ಚಕ್ಕಡಿ ಕಟ್ಟಿಸಿಕೊಂಡು ಅಥಣಿಗೆ ಕರೆದುಕೊಂಡು ಹೋದರು. ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಕಂಬಳಿ, ಬೂಟು, ನೀರಿನ ಡಬ್ಬಿಗಳು ಆಗಿನ್ನೂ ಸಂತೆಗಳಲ್ಲಿ ಮಾರಾಟಕ್ಕೆ ಬರುತ್ತಿದ್ದವು. ಅಂಥದೊಂದು ಗುಡ್ಡೆಯ ಮುಂದೆ ಆಯಿ ನಿಂತುಬಿಟ್ಟರು.

ಆಯಿಗೆ ಇಬ್ಬರು ಗಂಡುಮಕ್ಕಳು. ಕಿರಿಯವರು ನಮ್ಮ ಮಾವ. ಹಿರಿಯವರು, ನಮ್ಮವರ ದೊಡ್ಡಪ್ಪ, ತಂದೆ ತೀರಿದ ಮರುವರ್ಷ, 1941ರಲ್ಲಿ, ಅಪ್ಪನ ಪಲ್ಟನ್ನಿಗೇ ಸೇರಿದರು. ಮದುವೆಯಾಗಿರಲಿಲ್ಲ. ಅವರನ್ನು ಇಟಲಿಗೆ ಕಳಿಸಿದರು. 1944ರಲ್ಲಿ ಮನೆಗೆ ತಾರು ಬಂತು. ಅಷ್ಟೇ ಬಂದದ್ದು. ದೇಹ ಬರಲಿಲ್ಲ, ಅಂಗಿ ಬರಲಿಲ್ಲ, ಬೂದಿಯೂ ಬರಲಿಲ್ಲ.

"ಮುಖಾ ನೋಡಲಾರದ ನಾ ದಿನಾ ಮಾಡಂಗಿಲ್ಲ ಅಂತ ಕುಂತ್ಳಂತ ಆಯಿ," ಎಂದರು ಅತ್ತೆ. "ಮಾರ್ನಮಿ ಅಮಾಸಿಗೆ ಸತ್ತವರಿಗೆಲ್ಲ ಎಡಿ ಇಡತಿದ್ಳು, ಅವಂಗ ಒಬ್ಬಂಗ ಇಡತಿರಲಿಲ್ಲ. ರಾತ್ರಿ ಬಾಗಲ ಚಿಲಕಾ ಹಾಕಗೊಡತಿರಲಿಲ್ಲ. ಅವತ್ತ ಸಂತ್ಯಾಗ ಇದನ್ನ ಕೈಯಾಗ ಹಿಡಕೊಂಡು, 'ಇಂಥಾದ್ದ ಇತ್ತೇನೋ ನನ್ನ ಮಗನ ಕೈಯಾಗ' ಅಂತ ಅಂಗಡಿಯವನ್ನ ಕೇಳಿದ್ಳು. ಅವ ಏನ ಹೇಳ್ಯಾನು? ಹೂಂ ಅಂದ. ನನ್ನ ಸೀರಿ ರೊಕ್ಕಾ ಅವಂಗ ಕೊಟ್ಟಳು. ಆ ವರ್ಷ ನಾ ಹಳೇ ಸೀರಿ ಉಟ್ಕೊಂಡ ಬನ್ನಿ ಕೊಟ್ಟೆ."

"ಮತ್ತ ಅಜ್ಜನ ಹೆಸರು ಯಾಕವ್ವಾ?" ಎಂದು ನಮ್ಮವರು ಮೆಲ್ಲಗೆ ಕೇಳಿದರು.

ಅತ್ತೆ ಅವರನ್ನೇ ನೋಡಿದರು. ಇಷ್ಟು ಓದಿದ ಮಗನಿಗೆ ಇಷ್ಟೂ ತಿಳಿಯಲಿಲ್ಲವೇ ಎಂಬಂತೆ.

"ಜಗಲಿ ಮ್ಯಾಲ ಮಗಂದು ಅಂತ ಇಟ್ರ ಅವ ಸತ್ತಂಗ ಆಕ್ಕಿತ್ತಲ್ಲೋ. ಅಜ್ಜ ಹೆಂಗೂ ಸತ್ತಿದ್ದ. ಅವನ ಹೆಸರ್ಲೆ ಇಟ್ಟಳು. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕ್ಸಿಕೊಂಡಿದ್ಳು."

ಯಾರೂ ಮಾತಾಡಲಿಲ್ಲ. ಬಸರಾದ ಕತೆ ಹೇಳಿ ಹೇಳಿ ಬೆಳೆದ ಮೈದುನ ಎದ್ದು ಹಿತ್ತಲಿಗೆ ಹೋದ. ನನಗೆ ನನ್ನ ಮಗನ ಮುಖ ನೋಡಲಿಕ್ಕೆ ಆಗಲಿಲ್ಲ. ಆಯಿ ತೀರಿಕೊಂಡದ್ದು 1969ರಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಎಲ್ಲರೆದುರು ಗಂಡನ ಆಯುಧಕ್ಕೆಂದು ಕುಂಕುಮ ಹಚ್ಚುತ್ತ, ಒಳಗೊಳಗೆ ಮಗನ ಕೈಯನ್ನು ಮುಟ್ಟಿ ಬರುತ್ತಿದ್ದಳಲ್ಲ ಆಕೆ!

ಆಮೇಲೆ ನಮ್ಮವರು ಬೇರೆ ಸಂಗೀನು ಹುಡುಕುವುದನ್ನು ನಿಲ್ಲಿಸಿ ದೊಡ್ಡಪ್ಪನ ಜಾಡು ಹಿಡಿದರು. ಮರಾಠಾ ಪಲ್ಟನ್ನುಗಳು ಇಟಲಿಯಲ್ಲಿ ದೊಡ್ಡ ಹೆಸರು ಪಡೆದಿವೆ. ನಾಯಕ ಯಶವಂತ ಘಾಡ್ಗೆ 1944ರ ಜುಲೈ 10ರಂದು ತೈಬರ್ ನದಿಯ ಕಣಿವೆಯಲ್ಲಿ ಪ್ರಾಣ ಕೊಟ್ಟು ವಿಕ್ಟೋರಿಯಾ ಕ್ರಾಸ್ ಪಡೆದರು. 1945ರ ಏಪ್ರಿಲ್ 9ರಂದು ಸೆನಿಯೋ ನದಿಯ ಹತ್ತಿರ ಸಿಪಾಯಿ ನಾಮದೇವ ಜಾಧವ ಗಾಯಗೊಂಡವರನ್ನು ಹೊತ್ತು ತಂದು ಅದೇ ಪದಕ ಪಡೆದರು. ನಮ್ಮ ದೊಡ್ಡಪ್ಪನಿಗೆ ಪದಕವಿರಲಿಲ್ಲ, ಅವರ ಹೆಸರು ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಕಡೆಗೆ ಯುದ್ಧದಲ್ಲಿ ಮಡಿದವರ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗದ ದಾಖಲೆಯಲ್ಲಿ ಸಿಕ್ಕಿತು. ಇಟಲಿಯ ಫೊರ್ಲಿ ಎಂಬ ಊರಿನಲ್ಲಿ ನಮ್ಮ ಸಿಪಾಯಿಗಳ ಸ್ಮಶಾನವಿದೆ. ಮಣ್ಣು ಮಾಡದೆ ಸುಟ್ಟವರಿಗಾಗಿ ಅಲ್ಲಿ ಬೇರೆ ಸ್ಮಾರಕವಿದೆ, ಸುಮಾರು ಎಂಟುನೂರು ಹೆಸರು. ಅವುಗಳ ನಡುವೆ ದೊಡ್ಡಪ್ಪನದು. ದಾಖಲೆಯಲ್ಲಿ ತಂದೆಯ ಹೆಸರು, ಐಗಳಿ, ಬೆಳಗಾವಿ ಎಂದು ಒಂದೇ ಸಾಲು. ತಾಯಿಯ ಹೆಸರಿಲ್ಲ.

ಎಂದರೆ ಅವರಿಗೆ ಯಾರೋ ಜೊತೆಗಾರರು ಬೆಂಕಿ ಕೊಟ್ಟಿದ್ದರು. ಆ ಕಾಗದವನ್ನು ಓದಿ ಹೇಳಿದಾಗ ಅತ್ತೆ ಕೇಳಿದ್ದು ಒಂದೇ: "ಸುಟ್ಟಾರಲ್ಲ? ನರಿ ನಾಯಿ ಪಾಲಾಗಿಲ್ಲಲ್ಲ?" ಇಲ್ಲ ಎಂದೆವು. "ಇದನ್ನ ಆಯಿಗೆ ಯಾರರೆ ಹೇಳಿದ್ರ ಚಲೋ ಇತ್ತು" ಎಂದರು. ಆ ವರ್ಷದ ಅಮಾವಾಸ್ಯೆಗೆ ಅರವತ್ತು ವರ್ಷಗಳ ಮೇಲೆ ದೊಡ್ಡಪ್ಪನಿಗೆ ಮೊದಲ ಎಡೆ ಇಟ್ಟರು. ಹೋಳಿಗೆ, ಕಟ್ಟಿನ ಸಾರು.

ನನ್ನ ಮಗ ಕಡೆಗೂ ಸೈನ್ಯಕ್ಕೇ ಹೋದ. ಕತೆ ಸುಳ್ಳಾಯಿತಲ್ಲ, ಇನ್ನಾದರೂ ಬಿಟ್ಟಾನು ಎಂದುಕೊಂಡಿದ್ದೆ. "ಅಜ್ಜನ ಸಂಗೀನು ನೋಡಿ ಹೊಂಟಿರಲಿಲ್ಲವ್ವಾ ನಾ" ಎಂದ. ಹದಿನೇಳು ವರ್ಷ ನೌಕರಿ ಮಾಡಿ ದೇವರ ದಯದಿಂದ ಕೈಕಾಲು ನೆಟ್ಟಗಿದ್ದು ತಿರುಗಿ ಬಂದಿದ್ದಾನೆ. ಆ ಹದಿನೇಳು ವರ್ಷ ಅಥಣಿಯ ಮನೆಯ ಬಾಗಿಲಿಗೆ ರಾತ್ರಿ ಚಿಲಕ ಹಾಕುವಾಗ ಪ್ರತಿಸಲವೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಕಳ್ಳರ ಹೆದರಿಕೆಗೆ ಹಾಕುತ್ತಿದ್ದೆನೆನ್ನಿ, ಆದರೆ ಆಯಿ ಏಕೆ ಹಾಕಗೊಡುತ್ತಿರಲಿಲ್ಲ ಎಂಬುದು ಆ ಒಂದು ಗಳಿಗೆಯಲ್ಲಿ ತಿಳಿಯುತ್ತಿತ್ತು.

ಅತ್ತೆ 2011ರಲ್ಲಿ ಹೋದರು. ಈಗ ಖಂಡೇ ಪೂಜೆಗೆ ಸಂಗೀನಿಗೆ ಕುಂಕುಮ ಹಚ್ಚುವ ಕೆಲಸ ನನ್ನದು. ಅದನ್ನು ಟ್ರಂಕಿಗೆ ತರುವುದು ಬೇಡವೆಂದು ನಮ್ಮವರೇ ಹೇಳಿದರು. ಜಗಲಿಯ ಮೇಲೆಯೇ ಇದೆ. ಆದರೆ ಖಾತೆ ಪುಸ್ತಕದಲ್ಲಿ ಅದನ್ನು ಬರೆದುಕೊಂಡಿದ್ದಾರೆ. ಮಾದರಿ, ಇಶಾಪುರ, 1943 ಎಲ್ಲ ಸರಿಯಾಗಿದೆ. ಯಾರ ಕಡೆಯಿಂದ ಬಂತು ಎಂಬ ಕಡೆಯ ಮನೆಯಲ್ಲಿ ಉಳಿದ ಸಂಗೀನುಗಳಿಗೆ ಗುಜರಿಯವರ ಹೆಸರು, ಕೊಟ್ಟ ರೊಕ್ಕದ ಲೆಕ್ಕ ಇದೆ. ಇದಕ್ಕೆ ಮಾತ್ರ ಅವರು ಬರೆದದ್ದು: "ಆಯಿ ಕೊಂಡದ್ದು, ಅಥಣಿ ಸಂತೆ, 1952. ಬೆಲೆ: ಅವ್ವನ ದಸರೆ ಸೀರೆ."