ಜೋಡಿಯಾಗದೆ ಉಳಿದವರು

ಪ್ರೇಮದ ಹಾಸ್ಯಕಥೆ ಯಾವುದೇ ಇರಲಿ, ನಾಟಕವಾಗಲಿ ಸಿನಿಮಾ ಆಗಲಿ, ಮುಗಿಯುವ ಹೊತ್ತು ಬಂತೆಂದರೆ ನನ್ನ ಮನಸ್ಸು ಲೆಕ್ಕ ಹಾಕಲು ಕೂರುತ್ತದೆ. ನಾಯಕಿಗೆ ನಾಯಕ ಸಿಕ್ಕ. ಅವಳ ಗೆಳತಿಗೆ? ಅವನ ಸ್ನೇಹಿತನಿಗೆ? ಆ ಮುಂಗೋಪಿ ಸೋದರಮಾವನಿಗೆ? ಒಬ್ಬರು ಉಳಿದರೂ ಒಳಗೆ ಏನೋ ಚುಚ್ಚುತ್ತದೆ. ಎಲ್ಲರೂ ಜೋಡಿ ಜೋಡಿಯಾಗಿ ಸಾಲಾಗಿ ನಿಂತು ನಕ್ಕು, ಮೇಲೆ ‘ಶುಭಂ’ ಎಂದು ಮೂಡಿದರೆ ಹಾಯೆನಿಸುತ್ತದೆ. ನಾನು ಮದುವೆಯಾದವಳಲ್ಲ, ಆಗಬೇಕೆಂದು ಹಂಬಲಿಸಿದವಳೂ ಅಲ್ಲ. ಐವತ್ತು ದಾಟಿದೆ, ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ನನ್ನ ಮನೆಯಲ್ಲಿ ನನ್ನ ಪಾಡಿಗೆ ನೆಮ್ಮದಿಯಾಗಿದ್ದೇನೆ. ಹೀಗಿದ್ದೂ ಪರದೆಯ ಮೇಲಿನವರಿಗೆಲ್ಲ ಜೋಡಿ ಸಿಗಲೇಬೇಕೆಂಬ ಹಟ ನನ್ನೊಳಗೆ ಎಲ್ಲಿಂದ ಬಂತು?

ಸಿನಿಮಾದ ಮಾತಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ನಮ್ಮ ಕಾಲೇಜಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಮೇಷ್ಟ್ರೊಬ್ಬರಿದ್ದಾರೆ, ಮದುವೆಯಾಗದೆ ಉಳಿದ ಲೈಬ್ರೇರಿಯನ್ ಒಬ್ಬರಿದ್ದಾರೆ. ಮಧ್ಯಾಹ್ನ ಇಬ್ಬರೂ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಟೀ ಕುಡಿಯುತ್ತಾ ಹಳೆಯ ಪುಸ್ತಕಗಳ ಬಗ್ಗೆ ಮಾತಾಡುತ್ತಾರೆ. ಅಷ್ಟೇ ಇರುವುದು. ಆದರೆ ಅವರನ್ನು ಕಂಡಾಗಲೆಲ್ಲ ನನ್ನ ಮನಸ್ಸು ಲಗ್ನಪತ್ರಿಕೆ ಅಚ್ಚು ಹಾಕಿಸಿಯಾಗಿರುತ್ತದೆ. ಆ ಸ್ನೇಹ ಇದ್ದ ಹಾಗೆಯೇ ತುಂಬಿಕೊಂಡಿದೆ ಎಂದು ಒಪ್ಪಲು ನನಗೆ ಆಗುವುದಿಲ್ಲ. ನನ್ನ ಬದುಕಿನ ಬಗ್ಗೆ ನೆಂಟರಿಷ್ಟರು ಅದನ್ನೇ ಒಪ್ಪದಿದ್ದಾಗ ನೊಂದುಕೊಂಡವಳೂ ನಾನೇ.

ಈ ಆಸೆಯ ಬುಡ ನನಗೆ ಸ್ವಲ್ಪವಾದರೂ ಕಂಡದ್ದು ಶೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಪಾಠ ಮಾಡುವಾಗ. ಹಡಗು ಒಡೆದು ದಿಕ್ಕುಪಾಲಾದ ಅವಳಿಗಳು ವಯೋಲಾ ಮತ್ತು ಸೆಬಾಸ್ಟಿಯನ್ ಕೊನೆಯ ಅಂಕದಲ್ಲಿ ಮುಖಾಮುಖಿಯಾಗುತ್ತಾರೆ. ವಯೋಲಾಗೆ ಡ್ಯೂಕ್ ಒರ್ಸಿನೋ, ಸೆಬಾಸ್ಟಿಯನ್‌ಗೆ ಒಲಿವಿಯಾ; ಸರ್ ಟೋಬಿಗೂ ಮರಿಯಾಗೂ ಮದುವೆಯೇ ಆಗಿಹೋಗಿದೆ ಎಂಬ ಸುದ್ದಿ ಬೇರೆ. ಮೂರು ಜೋಡಿ. ಅದೇ ರಂಗದ ಮೇಲೆ ಅಂಟೋನಿಯೋ ಎಂಬ ನಾವಿಕ ನಿಂತಿದ್ದಾನೆ. ಕಡಲಿನ ಪಾಲಾಗಲಿದ್ದ ಸೆಬಾಸ್ಟಿಯನ್‌ನನ್ನು ಬದುಕಿಸಿದವನು, ಮೂರು ತಿಂಗಳು ಅವನ ಜತೆಗಿದ್ದವನು. ಆ ಊರಿಗೆ ಕಾಲಿಟ್ಟರೆ ಸೆರೆ ತಪ್ಪದೆಂದು ಗೊತ್ತಿದ್ದೂ ಅವನ ಹಿಂದೆ ಬಂದು, ಏನಾದರೂ ಕೊಳ್ಳಬೇಕೆನಿಸಿದರೆ ಇರಲಿ ಎಂದು ತನ್ನ ಹಣದ ಚೀಲವನ್ನೇ ಕೊಟ್ಟವನು. ಕಾವಲುಗಾರರು ಹಿಡಿದು ತಂದ ಆ ಮನುಷ್ಯ ಒಂದೇ ಮುಖದ ಇಬ್ಬರನ್ನು ನೋಡಿ, ಇವರಲ್ಲಿ ಸೆಬಾಸ್ಟಿಯನ್ ಯಾರು ಎಂದು ಕೇಳುತ್ತಾನೆ. ಅಲ್ಲಿಂದ ನಾಟಕ ಮುಗಿಯುವವರೆಗೆ ಅವನಿಗೆ ಒಂದು ಮಾತೂ ಇಲ್ಲ. ಅವನ ಬಿಡುಗಡೆ ಆಯಿತೇ, ಚೀಲ ವಾಪಸು ಬಂತೇ, ಯಾರಾದರೂ ಒಳಗೆ ಕರೆದರೇ, ನಾಟಕ ಹೇಳುವುದಿಲ್ಲ.

ಓದುವಾಗ ನಾವೂ ಕೇಳುವುದಿಲ್ಲ. ಮೂರು ಮದುವೆಯ ಸಡಗರ ಕಣ್ಣು ತುಂಬಿರುತ್ತದೆ. ಇಲ್ಲೇ ನನ್ನ ಆಸೆ ನನಗೆ ಸಿಕ್ಕಿಬಿದ್ದದ್ದು. ಎಲ್ಲರೂ ಜೋಡಿಯಾಗಲಿ ಎಂದು ಬಯಸುವಾಗ ನಾನು ಅವರ ಸುಖವನ್ನು ಬಯಸುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಅರ್ಧ ಮಾತ್ರ. ಇನ್ನರ್ಧ, ಅವರ ಚಿಂತೆ ನನ್ನ ತಲೆಯಿಂದ ಇಳಿಯಲಿ ಎಂಬುದು. ಒಬ್ಬರನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಟ್ಟರೆ ಮುಗಿಯಿತು, ಇನ್ನು ಅವರನ್ನು ಮರೆಯಬಹುದು. ಹೆಣ್ಣುಮಕ್ಕಳ ಮದುವೆ ಮಾಡಿ ಭಾರ ಕಳೆದುಕೊಂಡೆವು ಅನ್ನುವವರ ಮಾತು ನನಗೆ ಯಾವತ್ತೂ ಹಿಡಿಸಿದ್ದಲ್ಲ. ಆ ಮಾತಿನ ಒಂದು ಎಳೆ ನನ್ನ ನೋಟದಲ್ಲೂ ಇದೆ.

ಆ ನಾಟಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೊನೆಯ ದೃಶ್ಯದಲ್ಲೂ ವಯೋಲಾ ಗಂಡಸಿನ ಉಡುಪಿನಲ್ಲೇ ಇದ್ದಾಳೆ. ಅವಳ ಹೆಣ್ಣುಡುಗೆ ಇರುವುದು ಅವಳನ್ನು ದಡ ಮುಟ್ಟಿಸಿದ ಕಪ್ತಾನನ ಬಳಿ; ಆ ಕಪ್ತಾನ ಮಾಲ್ವೋಲಿಯೋ ಹೂಡಿದ ದಾವೆಯಿಂದ ಜೈಲಿನಲ್ಲಿದ್ದಾನೆ. ಮಾಲ್ವೋಲಿಯೋ ಎಂದರೆ ಸರ್ ಟೋಬಿ, ಮರಿಯಾ ಮುಂತಾದವರು ಸೇರಿ ಹುಚ್ಚನೆಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ, ಒಲಿವಿಯಾಳ ಮನೆವಾರ್ತೆಯವನು, ಒಬ್ಬೊಬ್ಬರ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆಂದು ಹೇಳಿ ಹೊರಟುಹೋದವನು. ಡ್ಯೂಕ್ ಅವನ ಹಿಂದೆ ಆಳು ಅಟ್ಟಿ ಸಮಾಧಾನ ಮಾಡಿ ಕರೆತರಲು ಹೇಳುತ್ತಾನೆ. ಜೋಡಿಯಿಲ್ಲದವನ, ಅವಮಾನಿತನ ಮನಸ್ಸು ಒಲಿಸದೆ ಮದುಮಗಳಿಗೆ ಉಡಲು ಸೀರೆಯಿಲ್ಲ ಅನ್ನುವ ಸ್ಥಿತಿ. ಮದುವೆ ನಮ್ಮ ಕಣ್ಣೆದುರು ಆಗುವುದೇ ಇಲ್ಲ. ಪ್ರೇಮ ಹಾಸ್ಯಗಳ ಮಾದರಿ ಎಂದು ನಾವು ತೋರಿಸುವ ನಾಟಕವೇ ಎಷ್ಟು ಜನರನ್ನು ಹೊರಗಿಟ್ಟು, ಆ ಹೊರಗಿನವರ ಮೇಲೇ ನಿಂತಿದೆ!

ಇದನ್ನು ಓದುವಾಗ ನನಗೆ ನೆನಪಾಗುವುದು ನಮ್ಮ ಸೋದರತ್ತೆ. ಸಾಗರದ ಕಡೆ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಮದುವೆಯಾಗಲಿಲ್ಲ. ನಮ್ಮ ಮನೆತನದ ಯಾವ ಮದುವೆಯಾದರೂ ಉಗ್ರಾಣದ ಕೀಲಿಕೈ ಅವಳ ಸೊಂಟದಲ್ಲಿ. ಸಕ್ಕರೆ ಎಷ್ಟು ಹೋಯಿತು, ತಾಂಬೂಲದ ಚೀಲಕ್ಕೆ ಹಾಕುವ ತೆಂಗಿನಕಾಯಿ ಸಾಲುತ್ತದೋ ಇಲ್ಲವೋ, ಎಲ್ಲ ಅವಳಿಗೆ ಗೊತ್ತು. ಧಾರೆಯ ಹೊತ್ತಿಗೆ ಮುತ್ತೈದೆಯರನ್ನು ಆರತಿಗೆ ಕರೆಯುವರು, ಫೋಟೋದವನು ದಂಪತಿಗಳನ್ನು ಜೋಡಿ ಜೋಡಿಯಾಗಿ ವೇದಿಕೆಗೆ ಹತ್ತಿಸುವನು. ಅತ್ತೆಯನ್ನು ಯಾರೂ ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಆ ಆಲ್ಬಮ್ಮುಗಳಲ್ಲಿ ಅವಳನ್ನು ಹುಡುಕಿದರೆ ಸಿಗುವುದು ಬೆನ್ನು, ಇಲ್ಲವೇ ಬಡಿಸುತ್ತಿರುವ ಕೈ.

ಅತ್ತೆಗೆ ಒಬ್ಬ ಗಂಡ ಸಿಗಬೇಕಿತ್ತು ಎಂದು ನನಗೆ ಅನಿಸುವುದಿಲ್ಲ. ಯಾರಾದರೂ ಉಗ್ರಾಣದ ಬಾಗಿಲಿಗೆ ಹೋಗಿ, ‘ಅತ್ತೆ, ಬನ್ನಿ, ನೀವಿಲ್ಲದೆ ಫೋಟೋ ಬೇಡ’ ಅನ್ನಬೇಕಿತ್ತು. ಬರುವುದು ಬಿಡುವುದು ಅವಳಿಷ್ಟ.

ಹಾಗೆ ಕರೆದ ಒಂದು ಕೊನೆಯನ್ನು ಶೇಕ್ಸ್‌ಪಿಯರನೇ ಬರೆದಿದ್ದಾನೆ. ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಮದುವೆಯ ದೇವತೆ ಹೈಮೆನ್ ಬಂದು ನಾಲ್ಕು ಜೋಡಿಗಳನ್ನು ಒಟ್ಟಿಗೆ ಕೂಡಿಸುತ್ತಾನೆ. ಅಷ್ಟು ಜನರ ನಡುವೆ ಜಾಕ್ವೆಸ್ ಎಂಬ ಚಿಂತಾಮಗ್ನ ಮನುಷ್ಯ ಕುಣಿತಕ್ಕೆ ನಿಲ್ಲುವುದಿಲ್ಲ. ಜೋಡಿ ಜೋಡಿಗೂ ಬೇರೆ ಬೇರೆ ಮಾತು ಹೇಳಿ, ವಿರಕ್ತನಾಗಿ ಕಾಡು ಸೇರಿದ ಡ್ಯೂಕ್ ಫ್ರೆಡರಿಕ್‌ನ ಬಳಿಗೆ ಹೊರಡುತ್ತಾನೆ. ಹಿರಿಯ ಡ್ಯೂಕ್ ಇರು ಎಂದು ಕೇಳಿಕೊಳ್ಳುತ್ತಾನೆ. ಕರೆದರು, ಇವನು ಒಲ್ಲೆ ಎಂದ. ನಾಲ್ಕು ಮದುವೆಯ ಸಂತೋಷ ಅದರಿಂದ ಒಂದಿಷ್ಟೂ ಕುಂದುವುದಿಲ್ಲ. ಅಂಟೋನಿಯೋಗೂ ಜಾಕ್ವೆಸ್‌ಗೂ ಇರುವ ಈ ದೂರವೇ ನನ್ನ ಪ್ರಶ್ನೆಗೆ ಉತ್ತರ ಎಂದು ನಂಬುತ್ತೇನೆ. ಎಲ್ಲರೂ ಜೋಡಿಯಾಗಬೇಕಿಲ್ಲ. ಆದರೆ ಎಲ್ಲರನ್ನೂ ಕೇಳಬೇಕು.

ಬರೆಯುವವರಿಗೂ ಇದು ಸುಲಭವಲ್ಲ. ಬರ್ನಾರ್ಡ್ ಷಾ ‘ಪಿಗ್ಮೇಲಿಯನ್’ ನಾಟಕದ ಕೊನೆಯಲ್ಲಿ ಹೂಮಾರುವ ಎಲೈಜಾಳನ್ನು ಪ್ರೊಫೆಸರ್ ಹಿಗಿನ್ಸ್‌ಗೆ ಗಂಟುಹಾಕಲಿಲ್ಲ. 1914ರ ಲಂಡನ್ ಪ್ರಯೋಗದಲ್ಲಿ ಹಿಗಿನ್ಸ್ ಪಾತ್ರ ಮಾಡಿದ ಬೀರ್‌ಬೋಮ್ ಟ್ರೀ ಕೊನೆಗೆ ಅವಳತ್ತ ಹೂ ಎಸೆದು ಪ್ರೇಮದ ಸುಳಿವು ಕೊಟ್ಟುಬಿಟ್ಟ. ಷಾ ಕೆರಳಿದ, ಮುಂದೆ ನಾಟಕಕ್ಕೆ ಉದ್ದನೆಯ ಹಿನ್ನುಡಿ ಬರೆದು ಎಲೈಜಾ ಹಿಗಿನ್ಸ್‌ನನ್ನು ಮದುವೆಯಾಗುವುದಿಲ್ಲವೆಂದು ವಾದಿಸಿದ. ಅದೇ ಹಿನ್ನುಡಿಯಲ್ಲಿ ಅವಳಿಗೆ ಫ್ರೆಡ್ಡಿ ಎಂಬ ಯುವಕನ ಜತೆ ಮದುವೆ ಮಾಡಿಸಿ ಹೂವಿನ ಅಂಗಡಿಯನ್ನೂ ಇಟ್ಟುಕೊಟ್ಟ. ಅಷ್ಟು ಹಟ ಹಿಡಿದವನಿಗೂ ಅವಳನ್ನು ಒಂಟಿಯಾಗಿ ಬಾಗಿಲು ದಾಟಿಸಲು ಮನಸ್ಸಾಗಲಿಲ್ಲ. ಷಾನ ಮೇಲೆ ನನಗೆ ಇದರಿಂದ ಪ್ರೀತಿ ಹೆಚ್ಚಾಗಿದೆ.

ಇನ್ನು ನಮ್ಮ ‘ಮುಂಗಾರು ಮಳೆ’. 2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾಗಿ ವರ್ಷ ದಾಟಿ ಓಡಿದ ಚಿತ್ರ. ಮುಕ್ಕಾಲು ಪಾಲು ನಗಿಸಿದ ಪ್ರೀತಂ ಕೊನೆಗೆ ನಂದಿನಿಯನ್ನು ಮನೆಯವರು ಗೊತ್ತುಮಾಡಿದ ವರನಿಗೇ ಬಿಟ್ಟು ಹೊರಟಾಗ ಚಿತ್ರಮಂದಿರದಲ್ಲಿ ಅಳದವರಿರಲಿಲ್ಲ, ನಾನೂ ಅತ್ತೆ. ಜೋಡಿಯಾಗದ ಕೊನೆಯನ್ನು ಕನ್ನಡದ ಪ್ರೇಕ್ಷಕರು ಎದೆಗೆ ಅಪ್ಪಿಕೊಳ್ಳಬಲ್ಲರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೂ ಈಗ ನೋಡಿದರೆ ನನ್ನ ಕಣ್ಣು ನಂದಿನಿಯ ಮೇಲೆ ನಿಲ್ಲುತ್ತದೆ. ಅವಳು ಮನಸ್ಸು ಕೊಟ್ಟಿದ್ದಾಳೆ. ಅವಳ ಹಸೆಮಣೆಯನ್ನು ಮಾತ್ರ ಅವಳ ಪರವಾಗಿ ಪ್ರೀತಂ ತೀರ್ಮಾನಿಸುತ್ತಾನೆ. ತ್ಯಾಗ ಅವನದು, ಮದುವೆ ಅವಳದು. ನಾಯಕ ಒಂಟಿಯಾಗಿ ಹೋದ ಮಾತ್ರಕ್ಕೆ ಕೊನೆ ಬಿಡುಗಡೆಯ ಕೊನೆ ಆಗುವುದಿಲ್ಲ. ಅವಳನ್ನು ಕೇಳಿದವರು ಯಾರು?

ಈ ವರ್ಷ ತರಗತಿಯಲ್ಲಿ ಅಂಟೋನಿಯೋಗೆ ಕೊನೆಯ ಮಾತು ಬರೆಯಿರಿ ಎಂದು ಅಸೈನ್‌ಮೆಂಟ್ ಕೊಟ್ಟೆ. ಹೆಚ್ಚಿನವರು ಅವನನ್ನು ಹಡಗು ಹತ್ತಿಸಿ ಕಳಿಸಿದರು. ಒಬ್ಬ ಹುಡುಗ, ಅಂಟೋನಿಯೋ ತನ್ನ ಹಣದ ಚೀಲ ಕೇಳಿ ಪಡೆದು ಹೊರಟಾಗ ಸೆಬಾಸ್ಟಿಯನ್ ಕೈ ಹಿಡಿದು, ‘ಊಟ ಮಾಡ್ಕೊಂಡು ಹೋಗು ಮಾರಾಯ, ನಾಳೆನೂ ಇರು’ ಅನ್ನುವ ಹಾಗೆ ಬರೆದಿದ್ದ. ಅದನ್ನು ಓದಿ ನನಗೆ ಗಂಟಲು ಕಟ್ಟಿತು. ಒಬ್ಬಳು ಹುಡುಗಿ ಒಲಿವಿಯಾಳ ಮನೆಯಲ್ಲಿ ಹೊಸದೊಬ್ಬ ಸಖಿಯನ್ನು ಹುಟ್ಟಿಸಿ, ಎರಡೇ ಪುಟದಲ್ಲಿ ಅಂಟೋನಿಯೋಗೆ ಮದುವೆ ಮಾಡಿಸಿದ್ದಳು. ಅವಳಿಗೂ ಒಳ್ಳೆಯ ಅಂಕವನ್ನೇ ಕೊಟ್ಟೆ, ಏಕೆಂದರೆ ಆ ಆಸೆ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತು, ಅದರಲ್ಲಿ ಅಕ್ಕರೆಯೂ ಇದೆ. ಅಂಚಿನಲ್ಲಿ ಮಾತ್ರ ಹೀಗೆಂದು ಬರೆದು ವಾಪಸು ಕೊಟ್ಟೆ: ತುಂಬ ಚೆನ್ನಾಗಿ ಬರೆದಿದ್ದೀಯಮ್ಮ, ಆದರೆ ಅಂಟೋನಿಯೋ ಒಪ್ಪಿದ್ದು ಯಾವ ಸಾಲಿನಲ್ಲಿ ಬರುತ್ತದೆ?