ತಲೆ ಎಣಿಸಿ ಹೊರಡುವ ಗಾಡಿ

ಹಳೆಯ ಮೈಸೂರಿನ ಸರಕಾರಿ ನೌಕರರ ಮನೆಗಳಲ್ಲಿ 'ಬೀದರಕ್ಕೆ ವರ್ಗ' ಎಂಬ ಮಾತು ಬಿದ್ದರೆ ಅಂದಿನ ಊಟ ರುಚಿಸದು. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರು; ಹೈದರಾಬಾದಿಗೆ ಅದರ ಕಾಲು ಭಾಗವೂ ಇಲ್ಲ. ಮಂಡ್ಯದ ಕಡೆಯಿಂದ ಭಾಲ್ಕಿಗೆ ವರ್ಗವಾದ ಬ್ಯಾಂಕಿನ ಗುಮಾಸ್ತರೊಬ್ಬರು, ಮರಳಿ ಹೋಗುವ ಅರ್ಜಿಯನ್ನು ಮನಸ್ಸಿನಲ್ಲೇ ಬರೆದುಕೊಂಡು ಬೀದರದಲ್ಲಿ ಬಂದಿಳಿದರು.

ಭಾಲ್ಕಿಗೆ ಅಲ್ಲಿಂದ ಸುಮಾರು 40 ಕಿಲೋಮೀಟರು. ಬಸ್ಸು ಉಂಟು, ರೈಲೂ ಉಂಟು. ಆದರೆ ಬಸ್ಸು ಈಗತಾನೆ ಹೋಗಿತ್ತು. ರೈಲಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ "ಭಾಲ್ಕಿ, ಭಾಲ್ಕಿ, ಭಾಲ್ಕಿ!" ಎಂಬ ಕೂಗು ಕೇಳಿಸಿತು. ಕೂಗಿದವನು ಕ್ರೂಸರ್ ಗಾಡಿಯ ಚಾಲಕ. ಹತ್ತಿರದ ಹಳ್ಳಿಗಳಿಗೆ ಓಡಾಡುವ ಮೂರು ಗಾಲಿಯ 'ಟಂಟಂ'ಗೆ ಇದು ಹಿರಿಯಣ್ಣ.

"ಯಾವಾಗ ಹೊರಡುತ್ತದೆ?"

"ಈಗೇ ಬಿಡ್ತೀನ್ರಿ ಸಾಹೇಬ್ರ. ಇನ್ನ ಇಬ್ರು ಬರ್ಲಿ."

ಇಬ್ಬರು ಬಂದರು, ಮತ್ತೆ ಇಬ್ಬರು ಬೇಕಾದರು. ಗಡಿಯಾರ ನೋಡಿ ಹೊರಡುವ ವಾಹನಗಳಲ್ಲಿ ಓಡಾಡಿದವರಿಗೆ ಇದು ಮೋಸವೆಂದು ತೋರುವುದು ಸಹಜ. ಆದರೆ ಈ ಗಾಡಿಗಳು ತಲೆ ಎಣಿಸಿ ಹೊರಡುವಂಥವು. ಅರ್ಧ ಖಾಲಿ ಹೊರಟರೆ ಡೀಸೆಲಿನ ದುಡ್ಡು ಕಳೆದು ಚಾಲಕನಿಗೆ ಉಳಿಯುವುದು ರಸ್ತೆಯ ಧೂಳು ಮಾತ್ರ. 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಆ ಎಣಿಕೆ ಸುಲಭವಾಗಿ ತುಂಬುವುದೂ ಇಲ್ಲ. ಬಸ್ಸು ತಪ್ಪಿದವರೇ ಅವನ ಪಾಲಿನ ದೇವರು.

(ಬಸ್ಸಿನ ವಿಷಯದಲ್ಲಿ ಈ ಸೀಮೆಯನ್ನು ಹಿಂದುಳಿದದ್ದೆಂದು ಯಾರೂ ಹೇಳುವಂತಿಲ್ಲ. ನಿಜಾಮರ ಸಂಸ್ಥಾನದಲ್ಲಿ ಸರಕಾರಿ ಬಸ್ಸುಗಳು 1932ರಲ್ಲೇ, 27 ಗಾಡಿಗಳೊಡನೆ ಆರಂಭವಾದವು. ಮೈಸೂರು ಅದಕ್ಕಾಗಿ 1948ರವರೆಗೆ ಕಾಯಬೇಕಾಯಿತು.)

"ಜರಾ ಸರಕೊಳ್ರಿ ಕಾಕಾ" ಎನ್ನುತ್ತ ಕಾಲೇಜಿನ ಹುಡುಗನೊಬ್ಬ ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ಕುಳಿತ. ಮೂವತ್ತೈದು ತುಂಬದ ಗುಮಾಸ್ತರಿಗೆ 'ಕಾಕಾ' ಎಂಬುದು ಕೊಂಚ ಚುಚ್ಚಿತು. ಅದು ವಯಸ್ಸಿನ ಲೆಕ್ಕವಲ್ಲ, ಮರ್ಯಾದೆಯ ಲೆಕ್ಕವೆಂದು ತಿಳಿಯಲು ಇನ್ನೂ ಕೆಲವು ದಿನ ಬೇಕಾಗಿತ್ತು.

ಗಾಡಿ ಹೊರಟಿತು. ಬೀದರದ ಕೆಂಪು ಜಂಬಿಟ್ಟಿಗೆಯ ನೆಲ ಹಿಂದೆ ಸರಿದು, ತೊಗರಿ, ಸೋಯಾಬೀನುಗಳ ಕಪ್ಪು ನೆಲ ಎದುರಾಯಿತು. ಚಾಲಕ ಫೋನಿನಲ್ಲಿ ದಖನಿಯಲ್ಲಿ ಜಗಳವಾಡುತ್ತಿದ್ದ. ಮುಂದಿನವರಿಬ್ಬರು ಮರಾಠಿಯಲ್ಲಿ ಮದುವೆಯ ಮಾತು ನಡೆಸಿದ್ದರು. ಇದು ಕರ್ನಾಟಕವೇ ಹೌದೇ ಎಂಬ ಸಂಶಯ ಗುಮಾಸ್ತರನ್ನು ಹಿಡಿಯುವಷ್ಟರಲ್ಲಿ ಪಕ್ಕದ ಮುದುಕಿ ಏನನ್ನೋ ಹೇಳಿದಳು, ಮತ್ತೊಮ್ಮೆ ಹೇಳಿದಳು.

"ಕ್ಷಮಿಸಿ ಅಜ್ಜಿ, ನನಗೆ ಮರಾಠಿ ಬಾರದು" ಎಂದರು ಇವರು ವಿನಯದಿಂದ.

"ಕನ್ನಡಾನೇ ಮಾತಾಡ್ಲತ್ತೀನಲ್ಲೋ ತಮ್ಮಾ, ತಿಳೀಲಿಲ್ಲೇನು?"

ಗಾಡಿಯೆಲ್ಲ ನಕ್ಕಿತು. ಮುದುಕಿ ಹೇಳಿದ್ದು ಖಿಡಕಿಯನ್ನು ಜರಾ ಸರಿಸೆಂದು, ಅಷ್ಟೆ. ಮೈಸೂರಿನ 'ಕಿಟಕಿ' ಆ 'ಖಿಡಕಿ'ಗೆ ಹತ್ತಿರದ ನಂಟೆಂಬುದನ್ನು ಪಾಠಪುಸ್ತಕಗಳು ನಮ್ಮ ಮಕ್ಕಳಿಗೆ ಹೇಳಿದ್ದರೆ ಇಂಥ ಪ್ರಮಾದಗಳು ಕಡಿಮೆಯಾಗುತ್ತಿದ್ದವು. ತೆಂಕಣದ ಕನ್ನಡವನ್ನಷ್ಟೇ ಕನ್ನಡವೆಂದು ತಿಳಿದ ಕಿವಿಗೆ ಒಡಹುಟ್ಟಿದವಳ ದನಿಯೂ ಪರಭಾಷೆಯಾಗಿಬಿಡುತ್ತದೆ.

ಆ ದನಿ ಇಲ್ಲಿ ಪುಕ್ಕಟೆ ಉಳಿದದ್ದಲ್ಲ. ನಿಜಾಮರ ಆಳ್ವಿಕೆ ಮುಗಿದ 1948ರವರೆಗೆ ಈ ಸೀಮೆಯ ಕಚೇರಿ, ಶಾಲೆಗಳ ಭಾಷೆ ಉರ್ದು. ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿ ಕನ್ನಡ ಓದಬಲ್ಲ ತರುಣರಿದ್ದುದಕ್ಕೆ ಆ ಫಲಕದ ಹಿಂದಿನ ಪಾಠವೂ ಒಂದು ಕಾರಣ. ಶತಾಯುಷಿಗಳಾಗಿ ಬಾಳಿದ ಅವರು ತೀರಿಕೊಂಡದ್ದು 1999ರಲ್ಲಿ.

ಭಾಲ್ಕಿ ಸಮೀಪಿಸಿತು. ಹಿಂದಿನ ಸೀಟಿನಿಂದ ಹೊರಟ ನೋಟೊಂದು ನಾಲ್ಕು ಕೈ ದಾಟಿ ಚಾಲಕನನ್ನು ಸೇರಿತು. ಚಿಲ್ಲರೆ ಅದೇ ನಾಲ್ಕು ಕೈಗಳ ದಾರಿಯಲ್ಲಿ ಹಿಂದಕ್ಕೆ ಬಂದಿತು. ಯಾರೂ ಎಣಿಸಲಿಲ್ಲ. ಇಳಿದ ಗುಮಾಸ್ತರು ಬ್ಯಾಂಕಿನ ದಾರಿ ಕೇಳಿದರು.

"ನಡೀಪಾ, ನಾನೂ ಅತ್ಲಾಗೇ ಹೊಂಟೀನಿ" ಎಂದಳು ಮುದುಕಿ. ಈ ಸಲ ಎಲ್ಲವೂ ಅರ್ಥವಾಯಿತು. ಅವಳ ಗಂಟನ್ನು ಎತ್ತಿಕೊಂಡು ಅವರು ಹಿಂದೆ ನಡೆದರು.