ಹಾವಿಗೊಂದು ಮನೆ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹುಟ್ಟಿದ ಕಾಲಕ್ಕೆ ಹಾವಿಗೂ ಮನೆ ಕಟ್ಟಿಸಲು ಹೊರಡುವ ಜನ ಮುಂದೊಂದು ದಿನ ಬಂದಾರೆಂದು ಯಾರೂ ಎಣಿಸಿರಲಿಕ್ಕಿಲ್ಲ. ಕಲಬುರಗಿಯಲ್ಲಂತೂ ಹಾವಿಗೆ ಮನೆಯ ಕೊರತೆ ಎಂದೂ ಇದ್ದದ್ದಲ್ಲ. ಊರೇ ಕಲ್ಲಿನದು. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಕೋಟೆ, ಅದರ ಬಿರುಕು ಬಿಟ್ಟ ಬುರುಜುಗಳು, ಹುಲ್ಲು ಬೆಳೆದ ಕಂದಕ. ಹಳೆಯ ಓಣಿಗಳಲ್ಲಿ ಒಂದರ ಮೇಲೊಂದು ಪೇರಿಸಿದ ಶಹಾಬಾದಿನ ಪರಸಿ ಕಲ್ಲು. ಹಲಗೆಯಂತೆ ಪದರು ಪದರಾಗಿ ಏಳುವ ಈ ಸುಣ್ಣಕಲ್ಲು ನೆಲಕ್ಕೆ, ಮಾಳಿಗೆಗೆ, ಕಂಪೌಂಡಿಗೆ, ಕೊನೆಗೆ ಬಚ್ಚಲಿಗೂ ಬೇಕು. ಮಿಕ್ಕ ಚೂರುಗಳನ್ನು ಹಿತ್ತಿಲಲ್ಲಿ ಒಟ್ಟಿಟ್ಟರೆ ಸಾಕು, ಮೊದಲು ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆಯೋ ನಾಗರವೋ ಬರುತ್ತದೆ. ಬಾಡಿಗೆ ಕರಾರು ಇಲ್ಲ, ಅಡ್ವಾನ್ಸ್ ಇಲ್ಲ.

ಇಂಥ ಊರಿನಲ್ಲಿ ಗೆಳೆಯರೊಬ್ಬರ ಮಗ, ಕಾಲೇಜು ಓದುವ ಹುಡುಗ, ಹಾವಿನ ಮನೆಗೆಂದು ನಕ್ಷೆ ಬರೆದುಕೊಂಡು ನನ್ನನ್ನು ಬಡಿಗನ ಅಂಗಡಿಗೆ ಕರೆದೊಯ್ದ. ಅವನಿಗೆ ಬೇಕಿದ್ದದ್ದು ನಮ್ಮ ಹಾವಲ್ಲ. ನಮ್ಮ ಹಾವನ್ನು ಸಾಕುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ನಾಗರ, ಹೆಬ್ಬಾವು, ಕೇರೆ, ಮಣ್ಣುಮುಕ್ಕ ಯಾವುದನ್ನೇ ಮನೆಯಲ್ಲಿಟ್ಟರೂ ಅಪರಾಧವೇ. ಅವನ ಕಣ್ಣಿದ್ದದ್ದು ಆಫ್ರಿಕದ ಬಾಲ್ ಪೈಥಾನ್ ಮೇಲೆ. ಹೆದರಿದಾಗ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುವ, ಮೂರು-ನಾಲ್ಕು ಅಡಿಯ, ವಿಷವಿಲ್ಲದ ಪುಟ್ಟ ಹೆಬ್ಬಾವು ಅದು. ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಲೇಬೇಕೆಂದು 2024ರಲ್ಲಿ ನಿಯಮ ಬಂದಿದೆ.

ನಕ್ಷೆ ಮಾತ್ರ ಅಚ್ಚುಕಟ್ಟಾಗಿತ್ತು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ. ಮುಂದೆ ಸರಿಯುವ ಗಾಜು, ಅದಕ್ಕೆ ಬೀಗ. ಪಕ್ಕದಲ್ಲಿ ಗಾಳಿಗೆ ಜಾಲರಿ. ಒಳಗೆ ಒಂದು ಬದಿ ಬೆಚ್ಚಗೆ, 31ರಿಂದ 33 ಡಿಗ್ರಿ. ಇನ್ನೊಂದು ಬದಿ ತಂಪು, 25ರಿಂದ 27 ಡಿಗ್ರಿ. ಎರಡೂ ಬದಿಗೆ ಅಡಗಲು ಒಂದೊಂದು ಗೂಡು, ನಡುವೆ ನೀರಿನ ಬೋಗುಣಿ. ಹಾವಿಗೆ ನಮ್ಮಂತೆ ಮೈಯೊಳಗೇ ಕಾವು ಹುಟ್ಟುವುದಿಲ್ಲ. ಚಳಿಯಾದರೆ ಬಿಸಿಗೆ, ಸೆಕೆಯಾದರೆ ತಂಪಿಗೆ ತಾನೇ ಸರಿದುಕೊಳ್ಳಬೇಕು. ಪೆಟ್ಟಿಗೆಯಲ್ಲಿ ಈ ಎರಡೂ ಇಲ್ಲದಿದ್ದರೆ ತಿಂದ ಇಲಿ ಅರಗುವುದಿಲ್ಲ, ಪೊರೆ ಸರಿಯಾಗಿ ಕಳಚುವುದಿಲ್ಲ. ಗೂಡು ಮೈಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾದ ಹಾಲ್ ಕೊಟ್ಟರೆ ಹಾವಿಗೆ ಸುಖವಲ್ಲ, ದಿಗಿಲು.

ಬಡಿಗ ಎಲ್ಲ ಕೇಳಿಸಿಕೊಂಡು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, “ತಮ್ಮಾ, ಪೆಟಗಿ ಮಾಡಿ ಕೊಡ್ತೀನಿ. ಆದ್ರ ಮೇ ತಿಂಗಳದಾಗ ಇದರೊಳಗ ತಂಪು ಎಲ್ಲಿಂದ ತರ್ತಿ? ನಮ್ಮ ಮನ್ಯಾಗ ಕೂಲರ್ ಹಚ್ಚಿದ್ರೂ ನಿದ್ದಿ ಬರಂಗಿಲ್ಲ” ಎಂದ.

ಹುಡುಗ ನನ್ನ ಮುಖ ನೋಡಿದ. “ಕಾಕಾ, ಕರೆಂಟ್ ಹೋದ್ರ?” ಎಂದು ತಾನೇ ಕೇಳಿಕೊಂಡ. ಮಾತು ಅಲ್ಲಿಗೇ ನಿಂತಿತು.

ಬಿಸಿ ದೇಶದ ಲೆಕ್ಕ

ಹಾವಿನ ಮನೆಯ ಬಗ್ಗೆ ಇರುವ ಪುಸ್ತಕಗಳಲ್ಲಿ ಬಹುಪಾಲು ಚಳಿ ದೇಶದವು. ಲಂಡನ್ ಮೃಗಾಲಯದಲ್ಲಿ 1849ರಲ್ಲಿ ತೆರೆದ ಉರಗಗೃಹವೇ ಜಗತ್ತಿನಲ್ಲಿ ಮೊದಲನೆಯದು ಎನ್ನುತ್ತಾರೆ. 1852ರಲ್ಲಿ ಅಲ್ಲಿನ ಕಾವಲುಗಾರನೊಬ್ಬ ಕುಡಿದ ಅಮಲಿನಲ್ಲಿ ನಾಗರಹಾವನ್ನು ಕೈಗೆತ್ತಿಕೊಂಡು ಕಚ್ಚಿಸಿಕೊಂಡು ಸತ್ತ. ಗಾಜು, ಬೀಗ ಎಷ್ಟೇ ಭದ್ರವಾಗಿದ್ದರೂ ತೆರೆಯುವ ಕೈ ನೆಟ್ಟಗಿರಬೇಕೆಂಬ ಪಾಠ ಅಂದಿನದು. 1927ರಲ್ಲಿ ಅಲ್ಲಿ ತೆರೆದ ಹೊಸ ಉರಗಗೃಹವನ್ನು ಯೋಜಿಸಿದವರು ಜೋನ್ ಪ್ರಾಕ್ಟರ್ ಎಂಬ ಮಹಿಳೆ. ಒಂದೊಂದು ಗೂಡಿಗೂ ಬೇಕಾದಷ್ಟೇ ಕಾವು, ಬೆಳಕು ಸಿಗುವಂತೆ ಮಾಡಿದ್ದು ಅವರ ಹೆಚ್ಚುಗಾರಿಕೆ. ಅಲ್ಲಿನ ಚಿಂತೆಯೆಲ್ಲ ಬಿಸಿ ಮಾಡುವುದು ಹೇಗೆ ಎಂಬುದು. ಬೇಸಿಗೆಯಲ್ಲಿ 42-43 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಚಿಂತೆ ತಿರುಗಾಮುರುಗಾ. ಹಾವಿನ ಮೈ 40 ಡಿಗ್ರಿ ದಾಟಿತೆಂದರೆ ಬದುಕುವುದು ಕಷ್ಟ. ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಅದಕ್ಕೆ ಒಲೆಯ ಮೇಲಿನ ಪಾತ್ರೆ.

ಮನೆಗೆ ಬಂದ ಹಾವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ನಾಲ್ಕು ತೂತು ಕೊರೆದು, ಓಣಿಯ ಮಂದಿಗೆಲ್ಲ ತೋರಿಸಿ ಬರುವಷ್ಟರಲ್ಲಿ ಅದು ಸಾಯುವುದು ಇದೇ ಕಾರಣಕ್ಕೆ. ಬಲ್ಲವರು ಹತ್ತಿ ಬಟ್ಟೆಯ ಚೀಲ ಬಳಸುತ್ತಾರೆ. ಚೀಲದ ಬಾಯಿಗೆ ಒಂದು ಪೈಪ್ ಕಟ್ಟಿ ಹಿಡಿದರೆ, ಬಿಲ ಸಿಕ್ಕಿತೆಂದು ಹಾವು ತಾನಾಗಿಯೇ ಒಳಗೆ ಹೋಗುತ್ತದೆ. ಕೈ ತಾಗಿಸುವ ಕೆಲಸವೇ ಇಲ್ಲ.

ಬಿಸಿ ನಾಡಿನ ಲೆಕ್ಕವನ್ನು ಸರಿಯಾಗಿ ಬಿಡಿಸಿದವರು ತಮಿಳುನಾಡಿನ ಇರುಳರು. ಹಾವಿನ ಚರ್ಮದ ವ್ಯಾಪಾರ ನಿಂತ ಮೇಲೆ ಕೆಲಸ ಕಳೆದುಕೊಂಡ ಇವರು 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಹಾವಿನ ವಿಷ ಸಂಗ್ರಹಿಸತೊಡಗಿದರು. ಹಾವುಗಳನ್ನು ಅವರು ಇಡುವುದು ಮಣ್ಣಿನ ಗಡಿಗೆಯಲ್ಲಿ. ತಳದಲ್ಲಿ ಮರಳು, ಬಾಯಿಗೆ ಬಟ್ಟೆ ಕಟ್ಟು. ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಅಡವಿಗೆ ಬಿಡುತ್ತಾರೆ. ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೀರನ್ನು ತಣ್ಣಗಿಡುವ ಅದೇ ಮಣ್ಣಿನ ಗುಣ, ಅಲ್ಲಿ ಹಾವನ್ನೂ ಕಾಯುತ್ತದೆ.

ಕಮಲಾಪುರದ ಬಾಳೆಯ ನೆರಳಿನಲ್ಲಿ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು ಒಂದು ತಾಸಿನಲ್ಲಿ ಕಮಲಾಪುರ. ಹಂಪಿಯ ಪಕ್ಕದ ಕಮಲಾಪುರ ಬೇರೆ, ಇದು ಬೇರೆ. ಈಗ ಇದು ತಾಲ್ಲೂಕು ಕೇಂದ್ರ. 2017ರಲ್ಲಿ ಉದ್ಘಾಟನೆಯಾದ ಬೀದರ್-ಕಲಬುರಗಿ ರೈಲು ಹಾದಿಯೂ ಇತ್ತಲೇ ಬಂದಿದೆ. ದಾರಿಯುದ್ದಕ್ಕೂ ಕಪ್ಪು ನೆಲ, ತೊಗರಿ ಹೊಲ. ಊರು ಹತ್ತಿರವಾದಂತೆ ನೆಲ ಏರಿಳಿಯುತ್ತದೆ, ಮಣ್ಣು ಕೆಂಪಾಗುತ್ತದೆ. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಸಿಪ್ಪೆ ಕೆಂಪು, ತಿರುಳು ಬೆಣ್ಣೆ. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಕಾಯಬೇಕು. ಕಾಯುವಷ್ಟು ತಾಳ್ಮೆಯೂ ನೀರೂ ಎಲ್ಲರಲ್ಲಿ ಇಲ್ಲ. ಹಾಗಾಗಿ ಹಣ್ಣಿನ ಬೆಲೆಯೂ ತುಸು ಮೇಲೆಯೇ.

ಹೊರಗೆ ಬಿಸಿಲು ಸುಡುತ್ತಿದ್ದರೂ ಬಾಳೆತೋಟದೊಳಗೆ ಕಾಲಿಟ್ಟರೆ ಬೇರೆಯೇ ಹವೆ. ನೀರು ಹಾಯಿಸಿದ ಮಡಿ, ಒಣಗಿ ಬಿದ್ದ ಎಲೆಯ ಹಾಸು, ಬುಡದಲ್ಲಿ ಕಪ್ಪೆ, ಬದುವಿನಲ್ಲಿ ಇಲಿಯ ಬಿಲ, ಅಂಚಿನಲ್ಲಿ ಬೇವಿನ ಮರದಡಿ ಹುತ್ತ. ಹುಡುಗನ ನಕ್ಷೆಯಲ್ಲಿದ್ದ ಬಿಸಿ ಬದಿ, ತಂಪು ಬದಿ, ಅಡಗುಗೂಡು, ನೀರಿನ ಬೋಗುಣಿ, ಊಟ ಎಲ್ಲವೂ ಇಲ್ಲಿವೆ, ಕರೆಂಟಿನ ಹಂಗಿಲ್ಲ.

ಹುತ್ತವನ್ನು ಹಾವು ಕಟ್ಟುವುದಿಲ್ಲ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಗೆದ್ದಲು ತನ್ನ ಎಂಜಲಲ್ಲಿ ಮಣ್ಣು ಕಲಸಿ, ಒಳಗೆ ಗಾಳಿಯಾಡಲು ಓಣಿಗಳನ್ನು ಬಿಟ್ಟು ಕಟ್ಟುತ್ತದೆ. ದಪ್ಪ ಗೋಡೆಯಿಂದಾಗಿ ಹಗಲಿನ ಕಾವು ಬೇಗ ಒಳಗಿಳಿಯದು, ಒಳಗಿನ ತೇವ ಬೇಗ ಆರದು. ಗೆದ್ದಲು ಬಿಟ್ಟುಹೋದ ಹುತ್ತಕ್ಕೆ ಹಾವು ಸೇರಿಕೊಳ್ಳುತ್ತದೆ. ಸೋಜಿಗವೆಂದರೆ, ಹುಡುಗ ತರಿಸಬೇಕೆಂದಿದ್ದ ಆಫ್ರಿಕದ ಆ ಹೆಬ್ಬಾವೂ ತನ್ನ ನಾಡಿನಲ್ಲಿ ಇಲಿಬಿಲ, ಗೆದ್ದಲ ಹುತ್ತಗಳಲ್ಲೇ ಇರುವಂಥದು.

ಪಂಚಮಿಯಲ್ಲಿ ನಮ್ಮ ಕಡೆ ಹುತ್ತಕ್ಕೋ ಮಣ್ಣಿನ ನಾಗಪ್ಪನಿಗೋ ‘ಅಪ್ಪನ ಪಾಲು, ಅವ್ವನ ಪಾಲು’ ಎನ್ನುತ್ತ ಮನೆಮಂದಿಯೆಲ್ಲರ ಹೆಸರಿನಲ್ಲಿ ಹಾಲೆರೆಯುತ್ತಾರೆ. ಅಳ್ಳು, ತಂಬಿಟ್ಟು, ಶೇಂಗಾದ ಉಂಡಿ, ಜೋಕಾಲಿ, ತವರಿಗೆ ಬಂದ ಹೆಣ್ಣುಮಕ್ಕಳು. ಹಬ್ಬದ ಸೊಗಸೇ ಸೊಗಸು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಹಾವಾಡಿಗರ ಬುಟ್ಟಿಯಲ್ಲಿ ದಿನಗಟ್ಟಲೆ ನೀರಿಲ್ಲದೆ ಬಳಲಿದ ಹಾವು ಸಿಕ್ಕಿದ್ದನ್ನು ಕುಡಿದೀತು, ಆಮೇಲೆ ನರಳೀತು. ಮಣ್ಣಿನ ನಾಗಪ್ಪನಿಗೆ ಎರೆದರೆ ಯಾರಿಗೂ ತೊಂದರೆಯಿಲ್ಲ.

ಹುತ್ತಕ್ಕೆ ಕೈಮುಗಿಯುವ ನೆಲದಲ್ಲೇ ಇನ್ನೊಂದು ವ್ಯಾಪಾರವೂ ನಡೆಯುತ್ತದೆ. ಬಾಲ ಮೊಂಡಾಗಿ ತಲೆಯಂತೆಯೇ ಕಾಣುವ ಮಣ್ಣುಮುಕ್ಕ ಹಾವನ್ನು ‘ಎರಡು ತಲೆ ಹಾವು’ ಎಂದು ಕರೆದು, ಮನೆಯಲ್ಲಿಟ್ಟರೆ ಹಣ ಹರಿದುಬರುತ್ತದೆಂದು ನಂಬಿಸಿ ಕದ್ದು ಮಾರುತ್ತಾರೆ. ಕೊಳ್ಳುವವನಿಗೆ ಹಣ ಬರುವುದಿಲ್ಲ, ಬಂದರೆ ಪೊಲೀಸರು ಬಂದಾರು. ಸಡಿಲ ಮಣ್ಣಿನಲ್ಲಿ ಹುದುಗಿ ಬದುಕುವ ಆ ಪಾಪದ ಹಾವು ಮಾತ್ರ ಯಾವುದೋ ಪೆಟ್ಟಿಗೆಯಲ್ಲಿ ಒಣಗಿ ಸಾಯುತ್ತದೆ.

ತೋಟದವರ ಪಾಡು

ಇಷ್ಟೆಲ್ಲ ಹೇಳಿ, ಹಾವಿನೊಡನೆ ಬದುಕುವುದು ಸಲೀಸೆಂದರೆ ತೋಟದಲ್ಲಿ ದುಡಿಯುವವರು ನಕ್ಕಾರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೂ ಬಯಲುಸೀಮೆಯವೇ. ಒಣ ಎಲೆಯ ನಡುವೆ ಕೊಳಕುಮಂಡಲ ಬಿದ್ದಿದ್ದರೆ ಎಲೆಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ನೋವೂ ಅರಿಯದಂತೆ ಕಚ್ಚಿ ಹೋಗುತ್ತದೆ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ. ಈ ನಾಲ್ಕಕ್ಕೂ ಒಂದೇ ಔಷಧಿ ಇದೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು ಅಷ್ಟೆ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಮಂತ್ರಕ್ಕೆಂದು ಊರೂರು ಅಲೆಯುವುದು ಇವೆಲ್ಲ ಆ ಹೊತ್ತನ್ನು ತಿನ್ನುವ ಕೆಲಸಗಳು.

ಆದ್ದರಿಂದ ಹಾವಿನ ಮನೆ ಎಲ್ಲಿರಬೇಕು ಎಂಬುದು ಹವ್ಯಾಸದ ಮಾತಷ್ಟೇ ಅಲ್ಲ. ತೋಟದಂಚಿನ ಹುತ್ತವನ್ನು ಜೆಸಿಬಿ ತಂದು ಕೆಡವಿದರೆ ಅಲ್ಲಿದ್ದ ಹಾವು ಮಾಯವಾಗುವುದಿಲ್ಲ. ಪಕ್ಕದ ಗುಡಿಸಲಿನ ಕಟ್ಟಿಗೆ ರಾಶಿಗೆ ಬರುತ್ತದೆ. ಹುತ್ತ ಇದ್ದಲ್ಲೇ ಇರಲಿ. ಕಟ್ಟಿಗೆ, ಪರಸಿ ಕಲ್ಲಿನ ಒಟ್ಟಿಲು ಮನೆಯಿಂದ ದೂರ ಇರಲಿ. ಕಾಳಿನ ಚೀಲ ನೆಲದಿಂದ ಮೇಲಿರಲಿ. ಮಲಗಲು ಮಂಚ, ಅದಕ್ಕೊಂದು ಸೊಳ್ಳೆಪರದೆ, ಕತ್ತಲಲ್ಲಿ ಕೈಯಲ್ಲೊಂದು ಬ್ಯಾಟರಿ, ಎಲೆ ಬಾಚುವಾಗ ಕಾಲಿಗೆ ಬೂಟು. ಆ ಪೆಟ್ಟಿಗೆಗೆ ಬಡಿಗ ಹೇಳಿದ ದುಡ್ಡಿನಲ್ಲಿ ಒಂದು ಕೂಲಿ ಮನೆತನಕ್ಕೆ ಇವಿಷ್ಟನ್ನೂ ಕೊಡಿಸಿ, ಇನ್ನೂ ಅಷ್ಟು ಉಳಿಸಬಹುದು.